ಛತ್ರಿಯಿಂದ ರೀಚಾರ್ಜಿನವರೆಗೆ

1991ರ ನವೆಂಬರ್ 10ರಂದು ದಕ್ಷಿಣ ಆಫ್ರಿಕಾ ತಂಡ ಕಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಆಡಲು ಇಳಿಯಿತು. ಇಪ್ಪತ್ತೊಂದು ವರ್ಷಗಳ ಬಹಿಷ್ಕಾರದ ನಂತರ ಆ ದೇಶ ಆಡಿದ ಮೊದಲ ಅಂತರರಾಷ್ಟ್ರೀಯ ಪಂದ್ಯ ಅದು. ವರ್ಣಭೇದ ನೀತಿ ಮುಗಿಯುತ್ತಿದ್ದ ಕಾಲದ ದೊಡ್ಡ ಘಟನೆಯೆಂದು ಎಲ್ಲರಿಗೂ ನೆನಪಿದೆ. ಅದೇ ಪ್ರವಾಸದಲ್ಲಿ ನಡೆದ ಇನ್ನೊಂದು ಸಣ್ಣ ಮಾತುಕತೆ ಮಾತ್ರ ಕ್ರಿಕೆಟ್ ಆಡಳಿತದ ಒಳಮನೆಯವರಿಗಷ್ಟೇ ಗೊತ್ತಿತ್ತು. ದಕ್ಷಿಣ ಆಫ್ರಿಕಾದವರು ತಮ್ಮ ದೇಶದ ಟಿವಿಯಲ್ಲಿ ಈ ಪಂದ್ಯಗಳನ್ನು ತೋರಿಸಬೇಕೆಂದಿದ್ದರು. ಅದಕ್ಕೆ ನಿಮಗೆಷ್ಟು ಕೊಡಬೇಕು ಎಂದು ನಮ್ಮ ಕ್ರಿಕೆಟ್ ಮಂಡಳಿಯನ್ನು ಕೇಳಿದರು. ಮಂಡಳಿಗೆ ಆ ಪ್ರಶ್ನೆಯೇ ಹೊಸದು. ಅಲ್ಲಿಯವರೆಗೆ ದೂರದರ್ಶನ ಪಂದ್ಯವನ್ನು ತೋರಿಸುವುದೇ ಒಂದು ಉಪಕಾರ ಎಂಬ ಲೆಕ್ಕ. ತೋರಿಸಿದ್ದಕ್ಕೆ ಮಂಡಳಿಯೇ ದುಡ್ಡು ಕಟ್ಟುತ್ತಿತ್ತು. ತನ್ನ ಕೈಲಿರುವುದು ಮಾರಬಹುದಾದ ಸರಕು ಎಂದು ಅದಕ್ಕೆ ತಿಳಿದದ್ದು ಹೊರಗಿನವರು ಬೆಲೆ ಕೇಳಿದ ಮೇಲೆ.

ಅದೇ ಮಂಡಳಿ 2022ರ ಜೂನ್‌ನಲ್ಲಿ ಐಪಿಎಲ್‌ನ ಐದು ವರ್ಷದ ಪ್ರಸಾರ ಹಕ್ಕನ್ನು 48,390 ಕೋಟಿ ರೂಪಾಯಿಗೆ ಮಾರಿತು. ಈ ಎರಡು ತಾರೀಕುಗಳ ನಡುವಿನ ಮೂವತ್ತು ವರ್ಷಗಳಲ್ಲಿ ನಮ್ಮ ಮನೆಯ ಟಿವಿಯ ಹಿಂದಿನ ವೈರು, ಅದರ ಬಿಲ್ಲು, ಬಿಲ್ಲು ವಸೂಲಿಗೆ ಬರುವ ಮನುಷ್ಯ, ಕೊನೆಗೆ ಟಿವಿಯೂ ಬದಲಾದವು. ಹೆಚ್ಚಿನ ಬದಲಾವಣೆಯ ಹಿಂದೆ ಕ್ರಿಕೆಟ್ ಇತ್ತು. ಮುಂಬೈಯಲ್ಲಿ ಒಂದು ಜಾಹೀರಾತು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಇಷ್ಟು ವರ್ಷ ಕೂತು, ಹತ್ತು ಸೆಕೆಂಡಿನ ದರಗಳ ಬಿಲ್ಲು ಪಾಸು ಮಾಡುತ್ತ ಇದನ್ನು ನೋಡಿದ್ದೇನೆ. ಡೊಂಬಿವಲಿಯ ಮನೆಯಲ್ಲಿ ಕೂತು ಗಿರಾಕಿಯಾಗಿಯೂ ನೋಡಿದ್ದೇನೆ.

1993ರಲ್ಲಿ ಇಂಗ್ಲೆಂಡ್ ತಂಡ ಬಂದಾಗ ಮಂಡಳಿ ಹಕ್ಕನ್ನು ಟಿಡಬ್ಲ್ಯುಐ ಎಂಬ ವಿದೇಶಿ ಸಂಸ್ಥೆಗೆ ಮಾರಿತು. ತನ್ನ ದೇಶದ ಪಂದ್ಯ ತೋರಿಸಲು ದೂರದರ್ಶನ ಆ ಸಂಸ್ಥೆಗೆ ಹಣ ಕೊಡಬೇಕಾಯಿತು. ದಿಲ್ಲಿಯ ಅಧಿಕಾರಿಗಳಿಗೆ ಅದು ನುಂಗಲಾರದ ತುತ್ತು. ಅದೇ ವರ್ಷ ನವೆಂಬರ್‌ನಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆ ಹೀರೊ ಕಪ್ ಏರ್ಪಡಿಸಿ ಮತ್ತೆ ಟಿಡಬ್ಲ್ಯುಐಗೇ ಹಕ್ಕು ಕೊಟ್ಟಾಗ ಜಗಳ ಬೀದಿಗೆ ಬಂತು. ಸರಕಾರ 1885ರ ಟೆಲಿಗ್ರಾಫ್ ಕಾಯ್ದೆಯನ್ನು ಹೊರತೆಗೆಯಿತು. ತಂತಿ ಕಳಿಸುವ ಕಾಲಕ್ಕೆ ಬ್ರಿಟಿಷರು ಮಾಡಿದ ಆ ಕಾನೂನಿನ ಪ್ರಕಾರ ಸಂಕೇತ ರವಾನೆಯ ಏಕಸ್ವಾಮ್ಯ ಸರಕಾರದ್ದು. ವಿದೇಶದಿಂದ ಬಂದ ಉಪಕರಣಗಳನ್ನು ಕಸ್ಟಮ್ಸ್ ಇಲಾಖೆ ತಡೆಹಿಡಿಯಿತು. ಸಂಗತಿ ಕಲ್ಕತ್ತಾ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಸೆಮಿಫೈನಲ್‌ನ ಕೊನೆಯ ಓವರಿನಲ್ಲಿ ಆರು ರನ್ ಉಳಿಸಬೇಕಿದ್ದಾಗ ತೆಂಡೂಲ್ಕರ್ ಚೆಂಡು ಕೈಗೆ ತೆಗೆದುಕೊಂಡದ್ದು, ಫೈನಲ್‌ನಲ್ಲಿ ನಮ್ಮ ಅನಿಲ್ ಕುಂಬ್ಳೆ 12 ರನ್ನಿಗೆ 6 ವಿಕೆಟ್ ಕಿತ್ತದ್ದು ಎಲ್ಲರಿಗೂ ನೆನಪಿದೆ. ಆ ಕಪ್ ನಮ್ಮ ದೇಶಕ್ಕೆ ಒಂದು ದೊಡ್ಡ ತೀರ್ಪನ್ನೂ ಕೊಟ್ಟಿತು ಎನ್ನುವುದು ಅಷ್ಟಾಗಿ ನೆನಪಿಲ್ಲ.

ಆ ತೀರ್ಪು ಬಂದದ್ದು 1995ರ ಫೆಬ್ರವರಿ 9ರಂದು. ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರಕಾರದ ಸ್ವಂತ ಆಸ್ತಿಯಲ್ಲ, ಖಾಸಗಿಯವರ ಆಸ್ತಿಯೂ ಆಗಬಾರದು, ಜನರ ಹಿತಕ್ಕಾಗಿ ಸ್ವತಂತ್ರ ಪ್ರಾಧಿಕಾರವೊಂದು ಅವನ್ನು ನಿಯಂತ್ರಿಸಬೇಕು ಎಂದು ನ್ಯಾಯಾಲಯ ಹೇಳಿತು. ಕಾನೂನು ಓದುವ ಹುಡುಗರು ಇವತ್ತಿಗೂ ಅದನ್ನು ವಾಕ್ ಸ್ವಾತಂತ್ರ್ಯದ ಪಾಠದಲ್ಲಿ ಓದುತ್ತಾರೆ. ಅದರ ಮೊದಲ ಅರ್ಧ, ಅಂದರೆ ಸರಕಾರದ್ದಲ್ಲ ಎನ್ನುವುದು, ಬಲುಬೇಗ ಜಾರಿಗೆ ಬಂತು. ಖಾಸಗಿಯವರದ್ದೂ ಆಗಬಾರದು ಎನ್ನುವ ಇನ್ನರ್ಧದ ಗತಿ ಏನಾಯಿತು ಎನ್ನುವುದೇ ಮುಂದಿನ ಕತೆ ಎಂದು ನನಗನಿಸುತ್ತದೆ.

ಬಾಗಿಲು ತೆರೆದ ಕೂಡಲೇ ಒಳಗೆ ಬಂದವರಲ್ಲಿ ಒಬ್ಬ ನಮ್ಮೂರಿನವನೇ. ಬೆಂಗಳೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಮಾರ್ಕ್ ಮಸ್ಕರೇನಸ್. ಅವನ ವರ್ಲ್ಡ್‌ಟೆಲ್ ಕಂಪನಿ 1996ರ ವಿಶ್ವಕಪ್ಪಿನ ಟಿವಿ ಹಕ್ಕನ್ನು ಒಂದು ಕೋಟಿ ಡಾಲರಿಗೆ ಕೊಂಡಿತು. ಆಗ ಅದು ಹುಚ್ಚು ಎನಿಸುವ ಮೊತ್ತ. ತೆಂಡೂಲ್ಕರರ ಜಾಹೀರಾತು ವ್ಯವಹಾರವನ್ನು ದೊಡ್ಡ ಮೊತ್ತಕ್ಕೆ ಗುತ್ತಿಗೆ ಹಿಡಿದವನೂ ಇವನೇ. ಚಿನ್ನಸ್ವಾಮಿ ಕ್ರೀಡಾಂಗಣದ ಆ ಕ್ವಾರ್ಟರ್‌ಫೈನಲ್‌ನಲ್ಲಿ ವೆಂಕಟೇಶ್ ಪ್ರಸಾದ್ ಆಮೀರ್ ಸೊಹೈಲ್‌ನ ಸ್ಟಂಪು ಹಾರಿಸಿದ ದೃಶ್ಯವನ್ನು ಎಷ್ಟು ಸಲ ನೋಡಿದ್ದೇವೋ. ಅದರ ಹಿಂದಿನ ಹಕ್ಕಿನ ವ್ಯಾಪಾರಿಯೂ ಬೆಂಗಳೂರಿನವನು. 2002ರ ಜನವರಿಯಲ್ಲಿ ನಾಗಪುರದ ಹತ್ತಿರ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅವನ ಜೀವನವನ್ನು ಕನ್ನಡದಲ್ಲಿ ಯಾರಾದರೂ ಸರಿಯಾಗಿ ಬರೆಯಬೇಕು.

ಇನ್ನು ಕೇಬಲ್. 1993ರಲ್ಲಿ ನಾನು ಹುಬ್ಬಳ್ಳಿಯಿಂದ ಬಂದು ಸೋದರಮಾವನ ಮನೆಯಲ್ಲಿ ಇಳಿದಾಗ ಡೊಂಬಿವಲಿಯ ಮಹಡಿಗಳ ಮೇಲೆ ಒಂದೊಂದಾಗಿ ಛತ್ರಿಗಳು ಅರಳುತ್ತಿದ್ದವು. ಡಿಶ್ ಆಂಟೆನಾಗೆ ಇಲ್ಲಿನ ಹೆಸರೇ ಛತ್ರಿ. ಕೇಬಲ್‌ವಾಲಾ ಒಂದು ಬಿಲ್ಡಿಂಗಿನಿಂದ ಇನ್ನೊಂದಕ್ಕೆ ಬಟ್ಟೆ ಒಣಹಾಕುವ ಹಗ್ಗದಂತೆ ವೈರು ಎಳೆಯುತ್ತಿದ್ದ. ಸಂಜೆ ಒಂದು ಹಿಂದಿ ಸಿನಿಮಾ ಅವನೇ ವಿಸಿಆರ್‌ನಲ್ಲಿ ಹಾಕುತ್ತಿದ್ದ. ತಿಂಗಳ ಮೊದಲ ಭಾನುವಾರ ಬೆಲ್ ಒತ್ತಿ ದುಡ್ಡು ತೆಗೆದುಕೊಂಡು ಹೋಗುತ್ತಿದ್ದ. ಚೀಟಿಯಿಲ್ಲ, ರಸೀದಿಯಿಲ್ಲ. ಮಾಮಿ ಕೇಳಿಕೊಂಡಳೆಂದು ಗಣಪತಿ ಹಬ್ಬಕ್ಕೆ ಒಂದು ರಾಜಕುಮಾರ್ ಸಿನಿಮಾ ಹಾಕಿದ್ದೂ ಉಂಟು.

ಈ ವ್ಯಾಪಾರದಲ್ಲಿ ಒಂದು ಗುಟ್ಟಿತ್ತು. ನಮ್ಮ ಕೇಬಲ್‌ವಾಲಾ ನೂರು ಮನೆಗೆ ವೈರು ಕೊಟ್ಟಿದ್ದರೆ ಮೇಲಿನ ಕಂಪನಿಗೆ ಇಪ್ಪತ್ತು ಎಂದು ಲೆಕ್ಕ ಬರೆಸುತ್ತಿದ್ದ. ಯಾರ ಮನೆಯಲ್ಲಿ ಏನು ಬರುತ್ತದೆ ಎಂದು ನೋಡುವ ಯಂತ್ರವೇ ಇರಲಿಲ್ಲ. ದುಡ್ಡು ಕೊಟ್ಟರಷ್ಟೇ ಎಂದು ಚಾನೆಲ್ ನಡೆಸುವವರಿಗೆ ಇದು ದೊಡ್ಡ ತಲೆನೋವು. ಧಾರಾವಾಹಿ ನಿಲ್ಲಿಸುತ್ತೇವೆ ಎಂದು ಹೆದರಿಸಿದರೆ ಕೇಬಲ್‌ವಾಲಾ ನಗುತ್ತಿದ್ದ. ಕ್ರಿಕೆಟ್ ನಿಲ್ಲಿಸುತ್ತೇವೆ ಎಂದರೆ ನಗು ಮಾಯ. ಇಎಸ್‌ಪಿಎನ್ ಭಾರತಕ್ಕೆ ಬಂದು, 1996ರಲ್ಲಿ ಸ್ಟಾರ್ ಜತೆ ಕೂಡಿಕೊಂಡ ಮೇಲೆ ಈ ಆಟ ಶುರುವಾಯಿತು. ದೊಡ್ಡ ಸರಣಿಗೆ ಎರಡು ದಿನ ಮೊದಲು ಪರದೆ ಕಪ್ಪು. ಕೆಳಗೆ ಅಂಗಳದಲ್ಲಿ ಜನ ಸೇರಿ ಕೂಗಾಟ. ಕೇಬಲ್‌ವಾಲಾ ಮೇಲೆ ಕೈ ತೋರಿಸಿ ಕಂಪನಿಯವರು ಬಂದ್ ಮಾಡಿದ್ದಾರೆ ಎನ್ನುತ್ತಿದ್ದ. ಪಂದ್ಯದ ಬೆಳಗ್ಗೆ ಹೇಗೋ ರಾಜಿಯಾಗಿ ಚಿತ್ರ ಬರುತ್ತಿತ್ತು, ಮುಂದಿನ ತಿಂಗಳು ಇಪ್ಪತ್ತು ರೂಪಾಯಿ ಹೆಚ್ಚಾಗುತ್ತಿತ್ತು.

ಇದು ಮುಂಬೈಯ ಕಂಡುಹಿಡಿತವಲ್ಲ. 1992ರಲ್ಲಿ ಇಂಗ್ಲೆಂಡಿನಲ್ಲಿ ನಷ್ಟದಲ್ಲಿದ್ದ ಸ್ಕೈ ಕಂಪನಿ, ಬಿಬಿಸಿಯ ಜತೆ ಸೇರಿ 30.4 ಕೋಟಿ ಪೌಂಡಿಗೆ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಹಕ್ಕು ಕೊಂಡು, ನೇರ ಪಂದ್ಯ ಬೇಕಿದ್ದವರೆಲ್ಲ ತನ್ನ ಛತ್ರಿ ಹಾಕಿಸಿಕೊಳ್ಳುವಂತೆ ಮಾಡಿತ್ತು. ಅದರ ಒಡೆಯ ರೂಪರ್ಟ್ ಮರ್ಡಾಕ್ 1996ರಲ್ಲಿ ತನ್ನ ಷೇರುದಾರರಿಗೆ ಮುಚ್ಚುಮರೆಯಿಲ್ಲದೆ ಹೇಳಿದ: ಹೊಸ ದೇಶದಲ್ಲಿ ಪೇ ಟಿವಿ ಊರಲು ನಾವು ಕ್ರೀಡೆಯನ್ನು ಕೋಟೆ ಬಾಗಿಲು ಒಡೆಯುವ ದಿಮ್ಮಿಯ ಹಾಗೆ ಬಳಸುತ್ತೇವೆ. ಸ್ಟಾರ್ ಆಗ ಅವನದೇ ಕಂಪನಿ. ನಮ್ಮ ಡೊಂಬಿವಲಿಯ ಅಂಗಳದ ಕೂಗಾಟ ಆ ದಿಮ್ಮಿ ಬಡಿದ ಸದ್ದು.

ಬಾಗಿಲು ಒಡೆದ ಮೇಲೆ ಒಳಗೆ ತಂದದ್ದು ಮಾತ್ರ ಕ್ರಿಕೆಟ್ ಒಂದೇ ಅಲ್ಲ. ಕ್ರಿಕೆಟ್ ಬೇಕಾದರೆ ಜತೆಗೆ ಈ ಹತ್ತು ಚಾನೆಲ್ಲೂ ತೆಗೆದುಕೊಳ್ಳಿ ಎನ್ನುವುದು ಪೇ ಟಿವಿಯ ಮೂಲಮಂತ್ರ. ಸಂತೆಯಲ್ಲಿ ಒಳ್ಳೆಯ ಹಣ್ಣಿನ ಅಡಿಯಲ್ಲಿ ಸೋತ ಹಣ್ಣು ತುಂಬುವ ಹಾಗೆ. ಇದನ್ನು ಬೈಯುವುದು ಸುಲಭ. ಆದರೆ ವರ್ಷಕ್ಕೆ ಐವತ್ತು ದಿನ ಪಂದ್ಯ ಇದ್ದು ವರ್ಷವಿಡೀ ಬಿಲ್ಲು ಕಟ್ಟಿದ್ದರಿಂದಲೇ ಸಣ್ಣ ಚಾನೆಲ್ಲುಗಳೂ ಬದುಕಿದವು. ಕಟ್ಟಿನ ಆ ಮೂಲೆಯಲ್ಲಿ ಎಲ್ಲೋ ಉದಯ ಟಿವಿಯೂ ಬರುತ್ತಿತ್ತು. ಮರಾಠಿ, ಗುಜರಾತಿ ಮನೆಗಳ ನಡುವೆ ನಾಲ್ಕು ಕನ್ನಡದ ಮನೆಗಳಿಗಾಗಿ ಕೇಬಲ್‌ವಾಲಾ ಅದನ್ನು ಉಳಿಸಿಕೊಂಡದ್ದು ಪ್ರೀತಿಯಿಂದಲ್ಲ. ಕಟ್ಟು ಬಿಚ್ಚುವುದು ಅವನಿಗೂ ಸಾಧ್ಯವಿರಲಿಲ್ಲ, ಅಷ್ಟೆ.

ಕಟ್ಟನ್ನು ಬಿಚ್ಚುವ ಪ್ರಯತ್ನ ಸರಕಾರವೂ ಮಾಡಿತು. ಮನೆಯಲ್ಲಿ ಪೆಟ್ಟಿಗೆ ಕೂರಿಸಿ ಬೇಕಾದ್ದಕ್ಕಷ್ಟೇ ದುಡ್ಡು ಕೊಡುವ ಪದ್ಧತಿ 2003ರಲ್ಲಿ ಚೆನ್ನೈಗೆ ಬಂತು. ಮುಂಬೈ, ದಿಲ್ಲಿಗಳಲ್ಲಿ 2012ರ ಕೊನೆಗೆ ಪೂರ್ತಿ ಡಿಜಿಟಲ್ ಆಯಿತು. 2019ರಲ್ಲಿ ಟ್ರಾಯ್ ಒಂದೊಂದು ಚಾನೆಲ್ಲಿಗೂ ಬೆಲೆ ಹಚ್ಚಿಸಿ, ಕಟ್ಟಿನೊಳಗೆ ಸೇರಿಸುವ ಚಾನೆಲ್ 19 ರೂಪಾಯಿ ಮೀರಬಾರದು ಎಂದಿತು. ದೊಡ್ಡ ಕ್ರೀಡಾ ಚಾನೆಲ್ಲು ಸರಿಯಾಗಿ ಆ 19ಕ್ಕೇ ಬಂದು ನಿಂತಿತು. ಕಟ್ಟೂ ಹಾಗೇ ಉಳಿಯಿತು.

ಈ ನಡುವೆ ದೂರದರ್ಶನ ತನ್ನ ಪಾಲು ಬಿಟ್ಟುಕೊಟ್ಟಿರಲಿಲ್ಲ. 2004ರ ಪಾಕಿಸ್ತಾನ ಪ್ರವಾಸದ ಹಕ್ಕು ಟೆನ್ ಸ್ಪೋರ್ಟ್ಸ್ ಕೈಯಲ್ಲಿತ್ತು. ಕೇಬಲ್ ಇಲ್ಲದ ಹಳ್ಳಿಗಳ ಗತಿ ಏನು ಎಂದು ಕೋರ್ಟಿನಲ್ಲಿ ವಾದವಾಗಿ, ದೂರದರ್ಶನವೂ ತೋರಿಸುವಂತಾಯಿತು. 2007ರಲ್ಲಿ ಇದಕ್ಕೆ ಒಂದು ಕಾಯ್ದೆಯೇ ಬಂತು. ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಂಕೇತವನ್ನು ಹಕ್ಕುದಾರ ಪ್ರಸಾರ ಭಾರತಿಯ ಜತೆ ಹಂಚಿಕೊಳ್ಳಬೇಕು. ಜಾಹೀರಾತಿನ ಹಣದಲ್ಲಿ 75 ಪಾಲು ಹಕ್ಕುದಾರನಿಗೆ, 25 ಪಾಲು ಪ್ರಸಾರ ಭಾರತಿಗೆ. ಆದರೆ ಕೇಬಲ್‌ವಾಲಾಗಳು ಈ ದೂರದರ್ಶನದ ಚಿತ್ರವನ್ನೇ ಹಿಡಿದು ಹಂಚತೊಡಗಿದ್ದರಿಂದ ದುಡ್ಡು ಕೊಟ್ಟು ಕೊಂಡವರು ಮತ್ತೆ ಕೋರ್ಟಿಗೆ ಹೋದರು. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಆ ಉಚಿತ ಚಿತ್ರ ದೂರದರ್ಶನದ ಸ್ವಂತ ಆಂಟೆನಾ ಜಾಲಕ್ಕೆ ಮತ್ತು ಅದರ ಫ್ರೀ ಡಿಶ್‌ಗೆ ಮಾತ್ರ ಎಂದು ಹೇಳಿತು. ಪೇ ಟಿವಿಯವರಿಗೆ ಇಷ್ಟು ದೊಡ್ಡ ಗೆಲುವು ಅದಕ್ಕೂ ಮೊದಲು ಸಿಕ್ಕಿರಲಿಲ್ಲ.

ಆದರೆ ಗೆದ್ದ ಎರಡೇ ವಾರಕ್ಕೆ ಹೊಸ ಎದುರಾಳಿ ಕಾಣಿಸಿಕೊಂಡ. 2017ರ ಸೆಪ್ಟೆಂಬರ್ 4ರಂದು ಮುಂಬೈಯಲ್ಲಿ ಐಪಿಎಲ್ ಹಕ್ಕಿನ ಲಕೋಟೆಗಳನ್ನು ಒಡೆದರು. ಭಾರತದ ಟಿವಿಗೆ ಸೋನಿ 11,050 ಕೋಟಿ ಬರೆದಿತ್ತು. ಡಿಜಿಟಲ್ ಹಕ್ಕಿಗೆ ಫೇಸ್‌ಬುಕ್ 3,900 ಕೋಟಿ ಬರೆದಿತ್ತು. ನಮ್ಮ ಕಚೇರಿಯಲ್ಲಿ ಆ ಸಂಖ್ಯೆ ನೋಡಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಏಕೆಂದರೆ ಅದಕ್ಕೆ ಹಿಂದಿನ ಮೂರು ವರ್ಷದ ಡಿಜಿಟಲ್ ಹಕ್ಕು ಮಾರಾಟವಾಗಿದ್ದು 302.2 ಕೋಟಿಗೆ. ಕೊನೆಗೆ ಎಲ್ಲ ಬಿಡಿ ಹಕ್ಕುಗಳ ಅತಿ ಹೆಚ್ಚಿನ ಬೆಲೆ ಕೂಡಿಸಿದರೆ 15,819.51 ಕೋಟಿ ಆಯಿತು. ಸ್ಟಾರ್ ಇಡಿಯಾಗಿ 16,347.5 ಕೋಟಿ ಬರೆದು ಎಲ್ಲವನ್ನೂ ಎತ್ತಿಕೊಂಡಿತು. ನಡುವಿನ ಅಂತರ ಐನೂರು ಕೋಟಿ ಚಿಲ್ಲರೆ.

ಮೂರು ವರ್ಷದಲ್ಲಿ ಆದ ವ್ಯತ್ಯಾಸಕ್ಕೆ ಕಾರಣ ಕ್ರಿಕೆಟ್ ಅಲ್ಲ, 2016ರ ಸೆಪ್ಟೆಂಬರ್‌ನಲ್ಲಿ ಶುರುವಾದ ಜಿಯೊ. ಅದಕ್ಕಿಂತ ಮೊದಲು ಮೊಬೈಲ್‌ನಲ್ಲಿ ಒಂದು ಇಡೀ ಪಂದ್ಯ ನೋಡುವುದೆಂದರೆ ಒಂದು ದಿನದ ಕೂಲಿ ಖರ್ಚು ಮಾಡಿದ ಹಾಗೆ. 2010ರಲ್ಲೇ ಐಪಿಎಲ್ ಯೂಟ್ಯೂಬ್‌ನಲ್ಲಿ ಪುಕ್ಕಟೆ ಬಂದಿತ್ತು. ನೋಡಲು ಬೇಕಾದ ಡೇಟಾ ಜನರ ಹತ್ತಿರ ಇರಲಿಲ್ಲ. 2015ರಲ್ಲಿ ಶುರುವಾದ ಹಾಟ್‌ಸ್ಟಾರ್‌ಗೆ ಜಿಯೊದ ಅಗ್ಗದ ಡೇಟಾ ಮುಂಗಾರು ಮಳೆಯಂತೆ ಬಂತು. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಧೋನಿ ರನೌಟಾದ ಆ ಪಂದ್ಯವನ್ನು ಒಂದೇ ಗಳಿಗೆಯಲ್ಲಿ ಎರಡೂವರೆ ಕೋಟಿ ಸಾಧನಗಳಲ್ಲಿ ಜನ ನೋಡುತ್ತಿದ್ದರು.

ಇಲ್ಲಿ ಲೆಕ್ಕಪತ್ರದವನಾಗಿ ಒಂದು ಮಾತು. ಟಿವಿ ಪ್ರಸಾರದಲ್ಲಿ ಒಬ್ಬ ನೋಡಿದರೂ ಹತ್ತು ಕೋಟಿ ಜನ ನೋಡಿದರೂ ಉಪಗ್ರಹದ ಬಾಡಿಗೆ ಅಷ್ಟೇ. ಸ್ಟ್ರೀಮಿಂಗ್‌ನಲ್ಲಿ ಹಾಗಲ್ಲ, ನೋಡುವವನು ಒಬ್ಬ ಹೆಚ್ಚಾದರೆ ಖರ್ಚೂ ಅಷ್ಟು ಹೆಚ್ಚು. ಅದರ ಬದಲಿಗೆ ಸಿಗುವ ಲಾಭ, ನೋಡುವವನು ಯಾರು ಎಂದು ತಿಳಿಯುವುದು. ಡೊಂಬಿವಲಿಯ ಕೇಬಲ್‌ವಾಲಾ ನೂರನ್ನು ಇಪ್ಪತ್ತು ಎಂದು ಬರೆಸುತ್ತಿದ್ದನಲ್ಲ, ಅದು ಇಲ್ಲಿ ಸಾಧ್ಯವೇ ಇಲ್ಲ. ಪುಣೆಯ ವಿದ್ಯಾರ್ಥಿಗೆ ಬೈಕಿನ ಜಾಹೀರಾತು, ಅವನ ಅಪ್ಪನಿಗೆ ಮೊಣಕಾಲಿನ ಎಣ್ಣೆಯ ಜಾಹೀರಾತು, ಅದೇ ಓವರಿನ ಮಧ್ಯೆ. ನಮ್ಮ ಸಂಸ್ಥೆಯ ಗಿರಾಕಿಗಳಿಗೆ ಇದು ಹುಚ್ಚು ಹಿಡಿಸಿತು. ಟಿವಿಯ ಬಜೆಟ್ಟಿನಿಂದ ಕಿತ್ತು ಮೊಬೈಲಿಗೆ ಹಾಕಿ ಎನ್ನತೊಡಗಿದರು.

2022ರ ಜೂನ್‌ನಲ್ಲಿ ಮಂಡಳಿ ಒಂದು ಜಾಣತನ ಮಾಡಿತು. ಟಿವಿ ಮತ್ತು ಡಿಜಿಟಲ್ಲನ್ನು ಒಟ್ಟಿಗೆ ಕೊಳ್ಳುವ ಅವಕಾಶ ತೆಗೆದುಹಾಕಿ ಬೇರೆಬೇರೆ ಹರಾಜು ಹಾಕಿತು. ಟಿವಿ ಹಕ್ಕನ್ನು ಡಿಸ್ನಿ ಕೈಯಲ್ಲಿದ್ದ ಸ್ಟಾರ್ ಪಂದ್ಯಕ್ಕೆ 57.5 ಕೋಟಿಯಂತೆ 23,575 ಕೋಟಿಗೆ ಹಿಡಿಯಿತು. ಡಿಜಿಟಲ್ ಹಕ್ಕು ರಿಲಯನ್ಸ್ ಬಳಗದ ವಯಾಕಾಂ18ಗೆ 20,500 ಕೋಟಿಗೆ ಹೋಯಿತು. ಆಯ್ದ ಪಂದ್ಯಗಳನ್ನು ಬೇರೆಯವರೂ ಸ್ಟ್ರೀಮ್ ಮಾಡದಂತೆ ಅವುಗಳ ಹಕ್ಕಿಗೂ ಅದು 3,257.5 ಕೋಟಿ ಕೊಟ್ಟಿತು. ಎರಡನ್ನೂ ಕೂಡಿಸಿ ನೋಡಿ: ಡಿಜಿಟಲ್ ಟಿವಿಯನ್ನು ದಾಟಿತು. ಕ್ಯಾಲ್ಕ್ಯುಲೇಟರಿನಲ್ಲಿ ಎರಡು ಸಲ ಒತ್ತಿ ನೋಡಿದ್ದು ನನಗೆ ನೆನಪಿದೆ.

ಆಮೇಲೆ ರಿಲಯನ್ಸ್ ಮಾಡಿದ್ದು ಮರ್ಡಾಕನ ಪಾಠಕ್ಕೆ ತಿರುಗುಮುರುಗು. ಅವನು ಕ್ರಿಕೆಟ್ ತೋರಿಸಿ ದುಡ್ಡು ಕೇಳಿದ್ದ. ಇವರು 2023ರ ಐಪಿಎಲ್ಲನ್ನು ಜಿಯೊಸಿನಿಮಾದಲ್ಲಿ ಯಾರ ಸಿಮ್ ಇದ್ದರೂ ಸರಿ ಎಂದು ಪುಕ್ಕಟೆ ಹಂಚಿದರು. ಅದೇ ಆಟಕ್ಕೆ 23,575 ಕೋಟಿ ಕೊಟ್ಟವನು ತಿಂಗಳ ಬಿಲ್ಲು ಕಳಿಸಬೇಕು, ಪಕ್ಕದ ಅಂಗಡಿಯಲ್ಲಿ ಅದೇ ಸರಕು ಧರ್ಮಕ್ಕೆ. ಕ್ರಿಕೆಟ್ ಕಳೆದುಕೊಂಡ ಹಾಟ್‌ಸ್ಟಾರ್‌ನ ಚಂದಾದಾರರು 2022ರ ಅಕ್ಟೋಬರ್‌ನಲ್ಲಿ 6 ಕೋಟಿಗೂ ಮೇಲಿದ್ದವರು ಮರುವರ್ಷದ ಜುಲೈ ಹೊತ್ತಿಗೆ 4 ಕೋಟಿ ಆದರು. ಉಳಿದವರಿಂದಲೂ ತಿಂಗಳಿಗೆ ತಲೆಗೆ ಒಂದು ಡಾಲರ್ ಕೂಡ ಹುಟ್ಟುತ್ತಿರಲಿಲ್ಲ. ಮಂಡಳಿ 2023ರ ಆಗಸ್ಟ್‌ನಲ್ಲಿ ತವರಿನ ಸರಣಿಗಳ ಹಕ್ಕು ಮಾರಿದಾಗ 5,963 ಕೋಟಿಯಲ್ಲಿ ಡಿಜಿಟಲ್ ಪಾಲು 3,101 ಕೋಟಿ, ಟಿವಿಯದು 2,862 ಕೋಟಿ. ಎರಡನ್ನೂ ವಯಾಕಾಂ18 ತೆಗೆದುಕೊಂಡಿತು. ಆ ವರ್ಷದ ಕೊನೆಯಲ್ಲಿ ಹಾಟ್‌ಸ್ಟಾರ್ ಕೂಡ ವಿಶ್ವಕಪ್ಪನ್ನು ಮೊಬೈಲಿಗೆ ಪುಕ್ಕಟೆ ಕೊಟ್ಟಿತು. ಫೈನಲ್ ದಿನ ಒಂದೇ ಗಳಿಗೆಯಲ್ಲಿ ನೋಡಿದವರು 5.9 ಕೋಟಿ. ದಾಖಲೆ ನಿಜ, ಗಲ್ಲಾಪೆಟ್ಟಿಗೆಗೆ ಅದರಿಂದ ಬಂದದ್ದು ಜಾಹೀರಾತಿನ ದುಡ್ಡಷ್ಟೇ.

ಡಿಟಿಎಚ್ ಛತ್ರಿ ಹಾಕಿಸಿದ ಮನೆಗಳು 2021ರಲ್ಲಿ ಸುಮಾರು 7 ಕೋಟಿ ಇದ್ದವು. 2025ಕ್ಕೆ 6 ಕೋಟಿಗೂ ಕೆಳಗಿಳಿದವು. ನಮ್ಮ ಕೇಬಲ್‌ವಾಲಾನ ಮಗ ಈಗ ಬ್ರಾಡ್‌ಬ್ಯಾಂಡ್ ಮಾರುತ್ತಾನೆ. ಅಪ್ಪ ಎಳೆದ ಕಪ್ಪು ವೈರುಗಳು ಇನ್ನೂ ಬಿಲ್ಡಿಂಗುಗಳ ನಡುವೆ ತೂಗಾಡುತ್ತಿವೆ, ಇಳಿಸಲು ಆಳು ಕೂಲಿ ಕೇಳುತ್ತಾರಂತೆ.

ಇದರಲ್ಲಿ ನಮ್ಮಂಥ ಹೊರನಾಡಿನವರಿಗೆ ಸಿಕ್ಕ ಒಂದು ಲಾಭವನ್ನು ಹೇಳದೆ ಹೋದರೆ ಅನ್ಯಾಯ. ಸ್ಟಾರ್ ಕನ್ನಡದಲ್ಲಿ ಕ್ರೀಡಾ ಚಾನೆಲ್ ಶುರುಮಾಡಿ ವರ್ಷಗಳಾಗಿದ್ದರೂ ನಮ್ಮ ಸೊಸೈಟಿಯ ಕೇಬಲ್ ಪಟ್ಟಿಯಲ್ಲಿ ಅದು ಇರಲಿಲ್ಲ. ನಾಲ್ಕು ಮನೆಗಾಗಿ ಯಾರು ತರಿಸುತ್ತಾರೆ? ಜಿಯೊಸಿನಿಮಾ 2023ರಲ್ಲಿ ಹನ್ನೆರಡು ಭಾಷೆಗಳಲ್ಲಿ ವಿವರಣೆ ಕೊಟ್ಟಾಗ ಕನ್ನಡ ಒಂದು ಬೆರಳ ದೂರಕ್ಕೆ ಬಂತು. ಡೊಂಬಿವಲಿಯಲ್ಲಿ ಹುಟ್ಟಿದ, ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ನನ್ನ ಮಗಳು, ಆರ್‌ಸಿಬಿ ಪಂದ್ಯವಿದ್ದ ದಿನ ಕನ್ನಡವನ್ನೇ ಒತ್ತುತ್ತಾಳೆ. ಮೂವತ್ತು ವರ್ಷ ಕನ್ನಡ ಸಂಘದ ಶಿಬಿರಗಳು ಮಾಡಲಾಗದ್ದನ್ನು ಕೊಹ್ಲಿ ಮಾಡಿದ. ಸ್ಟ್ರೀಮಿಂಗ್ ಮಾತ್ರ ಅರ್ಧ ನಿಮಿಷ ತಡ. ಮೇಲಿನ ಮಹಡಿಯ ಟಿವಿಯವರು ಕೂಗಿದ ಮೇಲೆ ನಮ್ಮಲ್ಲಿ ಬೌಲರು ಓಡಿ ಬರುತ್ತಾನೆ.

ಪುಕ್ಕಟೆಯ ಕಾಲ ಮುಗಿಯಿತು. 2024ರ ನವೆಂಬರ್‌ನಲ್ಲಿ ಡಿಸ್ನಿಯ ಭಾರತದ ವ್ಯವಹಾರ ರಿಲಯನ್ಸ್ ಜತೆ ಸೇರಿಹೋಯಿತು. ಹಿಡಿತ ರಿಲಯನ್ಸ್‌ದು, ಡಿಸ್ನಿಗೆ ಮೂರನೇ ಒಂದಕ್ಕಿಂತ ತುಸು ಹೆಚ್ಚು ಪಾಲು. ಪರಸ್ಪರ ಹೊಡೆದಾಡಿದ ಎರಡು ಆ್ಯಪುಗಳೂ 2025ರ ಫೆಬ್ರವರಿ 14ರಂದು ಜಿಯೊಹಾಟ್‌ಸ್ಟಾರ್ ಎಂಬ ಒಂದೇ ಆ್ಯಪ್ ಆದವು. ಪ್ರೇಮಿಗಳ ದಿನವೇ ಆರಿಸಿದ್ದು ಯಾರ ಹಾಸ್ಯಪ್ರಜ್ಞೆಯೋ. ಮುಂದಿನ ತಿಂಗಳೇ ಬಂದ ಐಪಿಎಲ್ ಪುಕ್ಕಟೆ ಇರಲಿಲ್ಲ: ಮೊಬೈಲಿಗೆ ಮೂರು ತಿಂಗಳಿಗೆ 149 ರೂಪಾಯಿ, ಇಲ್ಲವೇ 299ರ ಜಿಯೊ ರೀಚಾರ್ಜು. ಗಮನಿಸಿ, ಕಟ್ಟು ಮತ್ತೆ ಬಂದಿದೆ. ಅಂದು ಕ್ರಿಕೆಟ್ಟಿನ ಅಡಿಯಲ್ಲಿ ಬೇರೆ ಚಾನೆಲ್ಲು ತುಂಬುತ್ತಿದ್ದರು, ಈಗ ಸಿಮ್ಮಿನ ಜತೆ ಕ್ರಿಕೆಟ್. ಹಳೆಯ ಕಟ್ಟಿನಲ್ಲಿ ಉದಯ ಟಿವಿಯ ಪಾಲಿಗೆ ಒಂದಿಷ್ಟು ಪುಡಿಗಾಸು ಹೋಗುತ್ತಿತ್ತು. ಈ ಹೊಸ ಕಟ್ಟಿನಲ್ಲಿ ಸಿಮ್ಮು, ಆ್ಯಪು, ಆಟ ಮೂರೂ ಒಂದೇ ಬಳಗದವು.

2007ರ ಕಾಯ್ದೆ ಇನ್ನೂ ಇದೆ. ಅದರ ಮಾತು ಕೇಬಲ್, ಡಿಟಿಎಚ್ ಮತ್ತು ರೇಡಿಯೊ ವಿವರಣೆಯ ಬಗ್ಗೆ. ಆ್ಯಪು ಅದು ಬರೆದವರ ಕಲ್ಪನೆಯಲ್ಲೇ ಇರಲಿಲ್ಲ. ಐಪಿಎಲ್ ಅದರ ಪಟ್ಟಿಯಲ್ಲೂ ಇಲ್ಲ. 1995ರ ತೀರ್ಪು ಗಾಳಿಯ ತರಂಗದ ಬಗ್ಗೆ ಹೇಳಿತು, ನಮ್ಮ ಮನೆಗೆ ಈಗ ಆಟ ಬರುವುದು ಗಾಜಿನ ತಂತಿಯಲ್ಲಿ. ವಿಲೀನಕ್ಕೆ ಒಪ್ಪಿಗೆ ಕೊಡುವಾಗ ಸ್ಪರ್ಧಾ ಆಯೋಗ ಕ್ರಿಕೆಟ್ ಜಾಹೀರಾತಿನ ಮಾರಾಟದ ಬಗ್ಗೆ ಕೆಲವು ಷರತ್ತು ಹಾಕಿದೆ. ಜಾಹೀರಾತು ಕೊಡುವವರಿಗೆ ಅದರಿಂದ ಒಂದಿಷ್ಟು ರಕ್ಷಣೆ ಇದೆ.

ಈಗಿನ ಐಪಿಎಲ್ ಗುತ್ತಿಗೆ 2027ರ ಪಂದ್ಯಾವಳಿಗೆ ಮುಗಿಯುತ್ತದೆ. 2022ರಲ್ಲಿ ಟಿವಿಯನ್ನು ಒಬ್ಬರು, ಡಿಜಿಟಲ್ಲನ್ನು ಇನ್ನೊಬ್ಬರು ಹಿಡಿದದ್ದರಿಂದಲೇ ಬೆಲೆ ಆ ಎತ್ತರಕ್ಕೆ ಹೋಯಿತು. ಹರಾಜಿನಲ್ಲಿ ಎದುರುಬದುರು ಕೂತಿದ್ದ ಆ ಇಬ್ಬರೂ ಈಗ ಒಂದೇ ಕುರ್ಚಿಯಲ್ಲಿದ್ದಾರೆ. ಮಂಡಳಿಯವರು ಪಕ್ಕದ ಕುರ್ಚಿಗೆ ಜನ ಹುಡುಕುತ್ತಿರಬೇಕು.